ಅಭ್ಯಾಸಗೊಂಡ ಕೈ ಮತ್ತು ಧರ್ಮದ ಪ್ರಶ್ನೆ

ಅಪಾಯ ಎರಗಿದ ಗಳಿಗೆಯಲ್ಲಿ ಮನುಷ್ಯ ಯೋಚಿಸುವುದಕ್ಕೆ ಮುಂಚೆಯೇ ಅವನ ಕೈ ಸರಿಯಾದ ಕೆಲಸವನ್ನು ಮಾಡಿಬಿಟ್ಟರೆ, ಆ ಕೆಲಸದ ಶ್ರೇಯಸ್ಸು ಅವನಿಗೆ ಸಲ್ಲುತ್ತದೆಯೇ ಅಥವಾ ಅವನನ್ನು ಪಳಗಿಸಿದ ಅಭ್ಯಾಸಕ್ಕೆ ಸಲ್ಲುತ್ತದೆಯೇ ಎಂಬುದು ಧರ್ಮಚಿಂತನೆಯಲ್ಲಿ ಬಹು ಹಳೆಯ ಪ್ರಶ್ನೆ. ನೌಕಾಪಡೆಗೆ ಹೊಸದಾಗಿ ಸೇರುವ ಅಧಿಕಾರಿಗಳಿಗೆ ಹಡಗಿನಲ್ಲಿ ಬೆಂಕಿ ಬಿದ್ದಾಗ, ನೀರು ನುಗ್ಗಿದಾಗ ಎದುರಿಸಲು ಕೊಡುವ ತರಬೇತಿಯಲ್ಲಿ ಅದು ಕಾಣಿಸಿಕೊಳ್ಳುವಷ್ಟು ನಿಚ್ಚಳವಾಗಿ ಬೇರೆಡೆ ಕಾಣಿಸಿಕೊಳ್ಳುವುದು ಅಪರೂಪ. ಬೀದರ ನಗರ, ಭಾಲ್ಕಿ, ಔರಾದಗಳು ಕರ್ನಾಟಕದ ಬಡಗಣ ತುದಿಯಲ್ಲಿ, ಕಡಲಿನಿಂದ ನೂರಾರು ಕಿಲೋಮೀಟರ್ ಒಳಗಿರುವ ಊರುಗಳಾದರೂ ಈ ಪ್ರಶ್ನೆಯನ್ನು ಅಲ್ಲಿ ನಿಂತು ನೋಡುವುದಕ್ಕೆ ಕಾರಣವಿದೆ. ನಿತ್ಯದ ಆಚಾರಕ್ಕೂ ಕೊನೆಯ ಗಳಿಗೆಯ ತ್ಯಾಗಕ್ಕೂ ಇರುವ ಸಂಬಂಧವನ್ನು ಆಳವಾಗಿ ಯೋಚಿಸಿದ ಎರಡು ಪರಂಪರೆಗಳು, ಕಲ್ಯಾಣದ ಶರಣರದು ಮತ್ತು ಖಾಲ್ಸಾ ಸಿಖ್ಖರದು, ಬೀದರ ಜಿಲ್ಲೆಯಲ್ಲಿ ಇಂದಿಗೂ ಜೀವಂತವಾಗಿವೆ. ಕಡಲು ಕೂಡ ಈ ನೆಲಕ್ಕೆ ಪೂರಾ ಪರಕೀಯವಾಗಿದ್ದುದಲ್ಲ: ಕ್ಯಾಸ್ಪಿಯನ್ ತೀರದ ಗೀಲಾನ್ ಪ್ರಾಂತದಿಂದ ಸಮುದ್ರ ದಾಟಿ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಮಹಮೂದ್ ಗವಾನ್ 1472ರ ಹೊತ್ತಿಗೆ ಬೀದರಿನಲ್ಲಿ ತನ್ನ ಪ್ರಸಿದ್ಧ ಮದರಸಾವನ್ನು ಕಟ್ಟಿಸಿದ ಕಾಲದಲ್ಲಿಯೇ ಗೋವೆಯನ್ನು ನೆಲದಿಂದಲೂ ಹಡಗುಗಳಿಂದಲೂ ಮುತ್ತಿ ವಶಪಡಿಸಿಕೊಂಡಿದ್ದನು.

ಭಾರತೀಯ ನೌಕಾಪಡೆಯಲ್ಲಿ ಈ ತರಬೇತಿಯ ಮುಖ್ಯ ನೆಲೆಯೂ ಕಡಲತೀರದಲ್ಲಿಲ್ಲ ಎಂಬುದು ಗಮನಾರ್ಹ. ಕಾಸರಗೋಡಿನ ದಕ್ಷಿಣಕ್ಕಿರುವ ಏಳಿಮಲೆಯ ನೌಕಾ ಅಕಾಡೆಮಿಯಲ್ಲಿ ಓದು ಮುಗಿಸಿ, ಕೊಚ್ಚಿಯ ತರಬೇತಿ ಹಡಗುಗಳಲ್ಲಿ ಸಮುದ್ರಜೀವನದ ಮೊದಲ ಪಾಠಗಳನ್ನು ಪಡೆಯುವ ಯುವ ಅಧಿಕಾರಿಗಳಿಗೆ ‘ಹಾನಿ ನಿಯಂತ್ರಣ’ ಎಂಬ ವಿದ್ಯೆಯೂ ಕಡ್ಡಾಯ. ಗುಂಡು, ಢಿಕ್ಕಿ, ಬೆಂಕಿ ಅಥವಾ ಯಂತ್ರದೋಷದಿಂದ ಪೆಟ್ಟು ತಿಂದ ಹಡಗನ್ನು ಅದರೊಳಗಿನ ಜನರೇ ತೇಲುವಂತೆ, ಚಲಿಸುವಂತೆ, ಸಾಧ್ಯವಾದರೆ ಹೋರಾಡುವಂತೆ ಉಳಿಸಿಕೊಳ್ಳುವ ಕೆಲಸಕ್ಕೆ ಈ ಹೆಸರು. ಇದನ್ನು ಕಲಿಸುವ ಪ್ರಮುಖ ಶಾಲೆ ಇರುವುದು 1945ರಲ್ಲಿ ಆರಂಭವಾದ ಐಎನ್‌ಎಸ್ ಶಿವಾಜಿಯಲ್ಲಿ, ಅಂದರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಲೋಣಾವಳದ ಘಟ್ಟದ ಮೇಲೆ. ಹಡಗಿನ ಒಡಲಿನ ಒಂದು ತುಂಡನ್ನೇ ಹೋಲುವ ‘ಅಕ್ಷತ್’ ಎಂಬ ಉಕ್ಕಿನ ರಚನೆ ಅಲ್ಲಿದೆ. ಗೋವಾ ಶಿಪ್‌ಯಾರ್ಡ್ ಕಟ್ಟಿಕೊಟ್ಟ ಈ ರಚನೆ ಅಲೆಯ ಮೇಲಿನ ಹಡಗಿನಂತೆ ಎಡಕ್ಕೂ ಬಲಕ್ಕೂ ಹೊರಳುತ್ತದೆ, ಅದರ ಗೋಡೆಗಳ ಸೀಳುಗಳಿಂದ, ಒಡೆದ ಕೊಳವೆಗಳಿಂದ ನೀರು ರಭಸವಾಗಿ ನುಗ್ಗುತ್ತದೆ, ಮಂದಬೆಳಕಿನಲ್ಲಿ, ಗದ್ದಲದಲ್ಲಿ, ಸೊಂಟದ ಮಟ್ಟಕ್ಕೇರುವ ನೀರಿನಲ್ಲಿ ನಿಂತು ತರಬೇತಿ ಪಡೆಯುವವರು ಆ ಸೀಳುಗಳನ್ನು ಮುಚ್ಚಬೇಕಾಗುತ್ತದೆ.

ಮುಚ್ಚುವ ಸಾಮಗ್ರಿ ನೂರಾರು ವರ್ಷಗಳಿಂದ ಹೆಚ್ಚು ಬದಲಾಗಿಲ್ಲ: ಮರದ ಬೆಣೆಗಳು, ಮೊನಚಾದ ಮರದ ಬೂಚುಗಳು, ಸುತ್ತಿಗೆ, ಹಾಸಿಗೆ, ಹಲಗೆ, ಒತ್ತುಕೊಟ್ಟು ನಿಲ್ಲಿಸುವ ತೊಲೆಗಳು. ನೀರಿನಲ್ಲಿ ನೆನೆದ ಮೆದುಮರ ಉಬ್ಬಿ ರಂಧ್ರವನ್ನು ಬಿಗಿಯಾಗಿ ತುಂಬುವುದರಿಂದ ಕಂಪ್ಯೂಟರ್‌ಗಳು ತುಂಬಿದ ಯುದ್ಧನೌಕೆಯಲ್ಲಿಯೂ ಬೆಣೆಗೆ ಸ್ಥಾನವಿದೆ. ಹಡಗಿನ ಹೊಟ್ಟೆಯಲ್ಲಿ, ನೀರಿನ ಮಟ್ಟಕ್ಕಿಂತ 5 ಮೀಟರ್ ಕೆಳಗೆ, 10 ಸೆಂಟಿಮೀಟರ್ ಅಗಲದ ಒಂದು ತೂತು ಬಿದ್ದರೆ ನಿಮಿಷಕ್ಕೆ ಎರಡೂವರೆ ಟನ್ನಿಗೂ ಹೆಚ್ಚು ನೀರು ಒಳಬರುತ್ತದೆಯಾದ್ದರಿಂದ ಅಲ್ಲಿ ಸಮಾಲೋಚನೆಗೆ ವ್ಯವಧಾನವಿರುವುದಿಲ್ಲ. ಬೆಂಕಿಯ ವಿಷಯ ಇನ್ನೂ ಜಟಿಲ, ಏಕೆಂದರೆ ಬೆಂಕಿಯನ್ನು ಆರಿಸಲು ಸುರಿದ ನೀರೇ ಹಡಗಿಗೆ ಮೃತ್ಯುವಾಗಬಲ್ಲದು. ವಿಶಾಲವಾದ ಅಂತಸ್ತಿನ ಮೇಲೆ ಅಡೆತಡೆಯಿಲ್ಲದೆ ಹರಡಿಕೊಂಡ ನೀರು ಹಡಗು ವಾಲಿದತ್ತಲೇ ಹರಿದು ಆ ವಾಲುವಿಕೆಯನ್ನು ಹೆಚ್ಚಿಸುತ್ತದೆ. 1942ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ಉರಿದ ‘ನಾರ್ಮಂಡಿ’ ಎಂಬ ಭಾರಿ ಹಡಗು ಮಗುಚಿದ್ದು ಹೀಗೆಯೇ. ಹೀಗಾಗಿ ತರಬೇತಿ ಪಡೆಯುವವನು ಉಸಿರಾಟದ ಉಪಕರಣ ಧರಿಸಿ ಹೊಗೆಯೊಳಗೆ ನುಗ್ಗುವುದನ್ನು ಕಲಿಯುವಾಗಲೇ ಎಷ್ಟು ನೀರು ಸುರಿಯಬೇಕು, ಯಾವ ಬಾಗಿಲನ್ನು ಮುಚ್ಚಬೇಕು, ಯಾರನ್ನು ಹೊರಗೆ ಕರೆಯಬೇಕು ಎಂಬ ಲೆಕ್ಕವನ್ನೂ ಕಲಿಯುತ್ತಾನೆ; ಹಲವು ಸಲದ ಪುನರಾವರ್ತನೆಯಲ್ಲಿ ಆ ಲೆಕ್ಕ ತಲೆಯಿಂದ ಇಳಿದು, ಜೋಳದ ರೊಟ್ಟಿ ತಟ್ಟುವ ಕೈಗೆ ಹಿಟ್ಟಿನ ಹದ ತಿಳಿಯುವಂತೆ, ಬೆರಳುಗಳಿಗೆ ಬಂದು ಸೇರುತ್ತದೆ.

ಇಲ್ಲಿಯೇ ಆಕ್ಷೇಪ ಏಳುತ್ತದೆ. ಹೀಗೆ ಪಳಗಿದವನು ಆಪತ್ತಿನಲ್ಲಿ ಮಾಡಿದ್ದು ಧೈರ್ಯವೋ, ಬರಿಯ ಪ್ರತಿಕ್ರಿಯೆಯೋ? ಒಳ್ಳೆಯತನ ಬರಿಯ ರೂಢಿಯಾಗಿಬಿಟ್ಟರೆ ಅದರ ಸ್ವಾತಂತ್ರ್ಯ ಹೋಗುತ್ತದೆಂದು ಜರ್ಮನಿಯ ತತ್ತ್ವಜ್ಞಾನಿ ಕಾಂಟ್ ಅನುಮಾನಿಸಿದನು. ಅವನಿಗಿಂತ ಎರಡು ಸಾವಿರ ವರ್ಷ ಮೊದಲೇ ಗ್ರೀಸಿನ ಅರಿಸ್ಟಾಟಲ್ ಈ ಸಂಗತಿಯನ್ನು ಕಡಲಿಗೇ ಅನ್ವಯಿಸಿ ಇನ್ನೂ ಸೂಕ್ಷ್ಮವಾಗಿ ವಿಚಾರಿಸಿದ್ದನು. ಧೀರಕಾರ್ಯಗಳನ್ನು ಮಾಡುತ್ತ ಮಾಡುತ್ತಲೇ ಮನುಷ್ಯ ಧೀರನಾಗುತ್ತಾನೆಂಬ ಅವನ ಮಾತು ಪ್ರಸಿದ್ಧವಾದರೂ, ಬಿರುಗಾಳಿಯಲ್ಲಿ ನಾವಿಕರು ಹೆದರದಿರುವುದನ್ನು ಅವನು ನಿಜವಾದ ಧೈರ್ಯವೆಂದು ಒಪ್ಪಲಿಲ್ಲ. ಅನುಭವದ ಬಲದಿಂದ ತಾವು ಪಾರಾಗುತ್ತೇವೆಂಬ ಭರವಸೆ ನಾವಿಕರಿಗಿರುತ್ತದೆ, ಆ ಭರವಸೆ ಇಲ್ಲದೆಯೂ ಕದಲದವನೇ ಧೀರ ಎಂಬುದು ಅವನ ವಿವೇಚನೆ; ಕಸುಬಿನ ಸೈನಿಕರು ಅಪಾಯ ತಮ್ಮ ಸಿದ್ಧತೆಯನ್ನು ಮೀರಿದ್ದೇ ತಡ ಓಡಿಹೋಗುತ್ತಾರೆಂದೂ ಅವನು ಹೇಳುತ್ತಾನೆ. ಹಾಗೆ ಹೇಳಿದ ಪ್ರಕರಣದಲ್ಲಿಯೇ, ಮುಂಗಂಡ ಅಪಾಯಕ್ಕಿಂತ ಹಠಾತ್ತನೆ ಬಂದ ಅಪಾಯದಲ್ಲಿ ಅಳುಕದಿರುವುದೇ ಹೆಚ್ಚಿನ ಧೈರ್ಯ, ಏಕೆಂದರೆ ಅಲ್ಲಿ ಲೆಕ್ಕಾಚಾರಕ್ಕೆ ಎಡೆಯಿಲ್ಲದೆ ಮನುಷ್ಯನ ನೆಲೆಗೊಂಡ ಸ್ವಭಾವವೇ ಮಾತಾಡುತ್ತದೆ ಎಂಬ ಮಾತೂ ಇದೆ. ಕೌಶಲದ ಅಭ್ಯಾಸ ಒಂದು, ಸ್ವಭಾವದ ಅಭ್ಯಾಸ ಇನ್ನೊಂದು ಎಂಬ ಈ ವಿಂಗಡಣೆ ಉಪಯುಕ್ತವಾದರೂ, ಲೋಣಾವಳದ ನೀರಿನಲ್ಲಿ ನಿಂತವನಿಗೆ ಇವೆರಡೂ ಒಂದೇ ಸುತ್ತಿಗೆಯ ಏಟಿನಲ್ಲಿ ಕೂಡಿಬರುತ್ತವೆ; ಅವನು ಬೆಣೆ ಹೊಡೆಯುವುದನ್ನು ಕಲಿಯುತ್ತಿರುವಾಗಲೇ ಪಕ್ಕದವನನ್ನು ಬಿಟ್ಟು ಓಡದಿರುವುದನ್ನೂ ಕಲಿಯುತ್ತಿರುತ್ತಾನೆ.

ಕನ್ನಡದ ಜನ ಈ ವಿಷಯವನ್ನು ಒಂದು ಗಾದೆಯಲ್ಲಿ ಅಡಕ ಮಾಡಿಟ್ಟಿದ್ದಾರೆ: ಶರಣರ ಗುಣವನ್ನು ಮರಣದಲ್ಲಿ ನೋಡು. ಬೀದರ, ಭಾಲ್ಕಿಯ ಕಡೆ ಹಿರಿಯರೊಬ್ಬರು ತೀರಿಕೊಂಡಾಗ ಇಂದಿಗೂ ಕಿವಿಗೆ ಬೀಳುವ ಈ ಮಾತನ್ನು ಸಾವಿನ ಗಳಿಗೆಯ ಶಾಂತಿ ಬದುಕಿಗೆ ಸಾಕ್ಷಿಯೆಂಬ ಅರ್ಥದಲ್ಲಿ ಬಳಸುವುದು ವಾಡಿಕೆ. ಆ ಕೊನೆಯ ಗಳಿಗೆ ಅದಕ್ಕೂ ಮುಂಚಿನ ಸಾವಿರಾರು ದಿನಗಳ ಫಲವೇ ಹೊರತು ಅಂದು ಕೈಗೊಂಡ ಹೊಸ ನಿರ್ಧಾರವಲ್ಲ ಎಂಬ ಇನ್ನೊಂದು ಅರ್ಥ ಅದರ ಒಳಗಿದೆ. ಭಗವದ್ಗೀತೆಯ ಎಂಟನೆಯ ಅಧ್ಯಾಯದಲ್ಲಿ ಬರುವ ಅಂತ್ಯಕಾಲದ ವಿಚಾರ ಇದಕ್ಕೆ ಸಮೀಪವಾದದ್ದು: ದೇಹ ಬಿಡುವಾಗ ಮನುಷ್ಯ ಯಾವುದನ್ನು ನೆನೆಯುತ್ತಾನೋ ಅದನ್ನೇ ಪಡೆಯುತ್ತಾನೆಂದು ಹೇಳಿದ ಕೃಷ್ಣನು, ಆ ನೆನಪು ಅಂದು ತಾನಾಗಿ ಬರಲಾರದೆಂಬ ಕಾರಣಕ್ಕೆ, ಎಲ್ಲ ಕಾಲದಲ್ಲಿಯೂ ನೆನೆಯುತ್ತ ಯುದ್ಧ ಮಾಡೆಂದು ಅರ್ಜುನನಿಗೆ ಹೇಳುತ್ತಾನೆ. ಸ್ಮರಣೆಯನ್ನೂ ಯುದ್ಧವನ್ನೂ ಒಂದೇ ಉಸಿರಿನಲ್ಲಿ ಹೇಳಿರುವುದು ಸೈನಿಕನ ಮಟ್ಟಿಗೆ ಮಹತ್ವದ್ದು. ಕೊನೆಯ ಗಳಿಗೆಯಲ್ಲಿ ಮನಸ್ಸು ಸ್ವತಂತ್ರವಾಗಿರುವುದಿಲ್ಲ, ನೋವು, ಭಯ, ಉಸಿರುಗಟ್ಟುವಿಕೆ ಅದನ್ನು ಆಳುತ್ತಿರುತ್ತವೆ. ಆದುದರಿಂದ ಮನುಷ್ಯನ ಸ್ವಾತಂತ್ರ್ಯವಿರುವುದು ಆ ಗಳಿಗೆಗೆ ಮುಂಚೆ, ಮನಸ್ಸು ಶಾಂತವಾಗಿರುವ ಸಾಮಾನ್ಯ ದಿನಗಳಲ್ಲಿ. ಕಾಂಟನ ಅನುಮಾನಕ್ಕೆ ಇದು ಸಮರ್ಥವಾದ ಉತ್ತರವೆಂದೇ ಹೇಳಬೇಕು. ಆಪತ್ತಿನಲ್ಲಿ ಕೈ ತಾನಾಗಿ ಆಡಿದ್ದು ನಿಜವಾದರೂ, ಆ ಕೈಯನ್ನು ಹಾಗೆ ಆಡುವಂತೆ ಮಾಡಿಕೊಳ್ಳಲು ತಣ್ಣೀರಿನಲ್ಲಿ ಮತ್ತೆ ಮತ್ತೆ ಇಳಿದದ್ದು ಆಯ್ಕೆಯೇ ಆಗಿತ್ತು, ಧರ್ಮದ ಲೆಕ್ಕ ಆ ಆಯ್ಕೆಯಿಂದಲೇ ಶುರುವಾಗಬೇಕು.

ಶರಣರು ಈ ವಿಚಾರವನ್ನು ಇನ್ನೂ ಕೆಳಗೆ, ದುಡಿಮೆಯ ನೆಲಕ್ಕೆ ಇಳಿಸಿದರು. ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣದಲ್ಲಿ 12ನೆಯ ಶತಮಾನದಲ್ಲಿ ರೂಪುಗೊಂಡ ಕಾಯಕದ ಕಲ್ಪನೆ, ಅಂದರೆ ಸತ್ಯಶುದ್ಧವಾಗಿ ಮಾಡಿದ ದೈಹಿಕ ದುಡಿಮೆಯೇ ಪೂಜೆಯೆಂಬ ನಿಲುವು, ಕೈಗೆ ಕೊಟ್ಟಷ್ಟು ಗೌರವವನ್ನು ಕೊಟ್ಟ ದರ್ಶನಗಳು ಕಡಿಮೆ. ಆ ಸಮುದಾಯದಲ್ಲಿ ದೋಣಿ ನಡೆಸುವ ಅಂಬಿಗರ ಚೌಡಯ್ಯನಿಗೂ ಸ್ಥಾನವಿತ್ತು, ಅವನು ತನ್ನ ವಚನಗಳಿಗೆ ದೇವರ ಹೆಸರಿನ ಬದಲು ಕಸುಬನ್ನೂ ಒಳಗೊಂಡ ತನ್ನ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡನು. ಕಾಯಕದಲ್ಲಿ ತೊಡಗಿರುವಾಗ ಗುರು, ಲಿಂಗ, ಜಂಗಮಗಳ ಹಂಗನ್ನೂ ಮರೆಯಬೇಕೆಂದು ಶರಣ ಆಯ್ದಕ್ಕಿ ಮಾರಯ್ಯ ಹೇಳಿದ ಮಾತಿನ ಕಾಠಿಣ್ಯ ನೀರು ನುಗ್ಗುತ್ತಿರುವ ಕೋಣೆಯಲ್ಲಿ ನಿಂತವನಿಗೆ ಬೇಗ ಅರ್ಥವಾಗುತ್ತದೆ. ಅಲ್ಲಿ ಪ್ರಾರ್ಥನೆಗೆಂದು ಬೆಣೆಯ ಮೇಲಿನ ಗಮನವನ್ನು ಹಿಂತೆಗೆದರೆ ಮುಳುಗುವುದು ಇತರರೂ ಹೌದು. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ದೃಷ್ಟಿ ನೆಟ್ಟು ದಿನವೂ ಮಾಡುವ ಪೂಜೆಯಲ್ಲಿಯೂ ಗಮನದ ಶಿಸ್ತು ಅಂಗೈಯಿಂದಲೇ ಆರಂಭವಾಗುತ್ತದೆ. ಆದರೆ ಶರಣರು ಕ್ರಿಯೆಯನ್ನು ಎಂದೂ ಅರಿವಿನಿಂದ ಬಿಡಿಸಲಿಲ್ಲವೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಅರಿವಿಲ್ಲದ ಆಚಾರವನ್ನು ಅವರು ಡಾಂಭಿಕತೆಯೆಂದೇ ಖಂಡಿಸಿದರು. ಯಾಕೆ ಮಾಡುತ್ತಿದ್ದೇನೆಂಬುದು ತಿಳಿಯದೆ ಆಜ್ಞೆಗೆ ತಕ್ಕಂತೆ ಕವಾಟ ತಿರುಗಿಸುವ ಅಧಿಕಾರಿ ಆಜ್ಞೆ ತಪ್ಪಾದ ದಿನ ಹಡಗಿಗೇ ಅಪಾಯಕಾರಿಯಾಗುತ್ತಾನೆ; ನೀರಿನ ಹೊಯ್ದಾಟದ ಗಣಿತವನ್ನು ಅವನಿಗೆ ಕಲಿಸುವುದು ಈ ಕಾರಣದಿಂದ ಧಾರ್ಮಿಕ ಅಗತ್ಯವೂ ಆಗಿದೆ.

ತರಬೇತಿಯ ಆಪತ್ತು ನಿಜವಲ್ಲವಲ್ಲ ಎಂಬ ಇನ್ನೊಂದು ಆಕ್ಷೇಪವಿದೆ. ‘ಅಕ್ಷತ್’ನಲ್ಲಿ ನೀರು ಅಳತೆ ಮೀರಿದರೆ ಬೋಧಕನು ಕವಾಟವನ್ನು ತಿರುಗಿಸಿ ನಿಲ್ಲಿಸುತ್ತಾನೆ. 2008ರಿಂದ ಬೀದರ ವಾಯುನೆಲೆಯಲ್ಲಿ ಹಾಕ್ ವಿಮಾನಗಳ ಮೇಲೆ ಕಲಿಯುತ್ತಿರುವ ಯುವ ಚಾಲಕರಿಗೂ ನೆಲದ ಮೇಲಿನ ಕೃತಕ ಚಾಲಕಕೋಣೆಯಲ್ಲಿ ಎಂಜಿನ್ ಎಷ್ಟು ಸಲ ಕೆಟ್ಟರೂ ಪ್ರಾಣಕ್ಕೆ ಅಪಾಯವಿಲ್ಲ. ನಟನೆಯಲ್ಲಿ ಗಳಿಸಿದ ಧೈರ್ಯ ನಿಜದಲ್ಲಿ ಒದಗೀತೇ? ಧರ್ಮಗಳ ಇತಿಹಾಸವನ್ನು ನೋಡಿದರೆ ಮನುಷ್ಯ ತನ್ನ ಅತಿ ಗಂಭೀರ ಸಂಗತಿಗಳನ್ನೆಲ್ಲ ಆಚರಣೆಯಲ್ಲಿ ನಟಿಸಿಯೇ ಮೈಗೂಡಿಸಿಕೊಂಡಿದ್ದಾನೆ. ಔರಾದ, ಭಾಲ್ಕಿ ಭಾಗದ ಹಳ್ಳಿಗಳಲ್ಲಿ ಮೊಹರಂ ದಿನಗಳ ಅಲಾಯಿ ಕುಣಿಯ ಸುತ್ತ ಹಿಂದೂ ಮುಸ್ಲಿಮರಿಬ್ಬರೂ ಸೇರಿ ನೆನೆಯುವುದು ಕರ್ಬಲಾದ ಮರಳಿನಲ್ಲಿ ನಡೆದ ಬಲಿದಾನವನ್ನು. ವೀರಭದ್ರನ ಜಾತ್ರೆಗಳಲ್ಲಿ ಅಗ್ಗಿ ಹಾಯುವವರು ಭಯವನ್ನು ಬೆಂಕಿಯ ಬಳಿಗೇ ಒಯ್ದು ನಿಲ್ಲಿಸುತ್ತಾರೆ. ಈ ಆಚರಣೆಗಳಿಗೂ ಅಗ್ನಿಶಮನದ ತರಬೇತಿಗೂ ಇರುವ ಅಂತರವನ್ನು ಮರೆಸುವುದು ಸರಿಯಲ್ಲ, ಏಕೆಂದರೆ ಅಗ್ಗಿ ಹಾಯುವವನು ದೈವದ ಕಾವಲನ್ನು ನಂಬಿದರೆ ನಾವಿಕನು ಸಹಚರನ ಕೈಯಲ್ಲಿರುವ ನೀರಿನ ಕೊಳವೆಯನ್ನು ನಂಬಬೇಕು.

ಇನ್ನೂ ಹತ್ತಿರದ ನಿದರ್ಶನ ಸಿಖ್ ಪರಂಪರೆಯಲ್ಲಿದೆ. 1699ರ ವೈಶಾಖಿಯಂದು ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ಖಡ್ಗ ಹಿಡಿದು ತಲೆಯನ್ನು ಕೇಳಿದಾಗ ಎದ್ದು ನಿಂತ ಐವರಲ್ಲಿ ಒಬ್ಬರು ಬೀದರಿನ ಕ್ಷೌರಿಕ ಮನೆತನದ ಸಾಹಿಬ್ ಚಂದ್ ಎಂದು ಪರಂಪರೆ ಹೇಳುತ್ತದೆ. ಭಾಯಿ ಸಾಹಿಬ್ ಸಿಂಗರಾದ ಅವರು ಮುಂದೆ ಚಮಕೌರ್ ಕದನದಲ್ಲಿ ಮಡಿದರು. ಅಂದಿನ ಆ ಕರೆಗೆ ಪೂರ್ವಾಭ್ಯಾಸವೇ ಇರಲಿಲ್ಲ, ಯಾರೂ ಅಂಥದೊಂದನ್ನು ಮುಂಚೆ ಕಂಡಿರಲಿಲ್ಲ. ಹಾಗಾದರೆ ಅತ್ಯುನ್ನತ ತ್ಯಾಗಕ್ಕೆ ತರಬೇತಿ ಬೇಡವೆಂದಾಯಿತೇ? ಗುರು ಗೋವಿಂದ ಸಿಂಗರು ಹಾಗೆ ಭಾವಿಸಿದಂತಿಲ್ಲ. ಆ ಹಠಾತ್ ಸಮರ್ಪಣೆಯ ಮೇಲೆ ಅವರು ಕಟ್ಟಿದ್ದು ನಿತ್ಯದ ಪಾಠ, ಐದು ಲಾಂಛನ, ನಡವಳಿಕೆಯ ಕಟ್ಟುಪಾಡುಗಳಿಂದ ಕೂಡಿದ ರಹತ್ ಎಂಬ ಶಿಸ್ತನ್ನು. ಹೋಳಿಯ ಮರುದಿನ ನಡೆಯುವ ಹೋಲಾ ಮೊಹಲ್ಲಾ ಎಂಬ ಉತ್ಸವವನ್ನಂತೂ ಅಣಕು ಯುದ್ಧದ ಅಭ್ಯಾಸವಾಗಿಯೇ ರೂಪಿಸಿದರು. ಅಣಕು ಕದನವೊಂದು ಧಾರ್ಮಿಕ ಉತ್ಸವವಾದದ್ದು ಈ ಚರ್ಚೆಗೆ ಬಹಳ ಮುಖ್ಯ. ಬೀದರಿನ ನಾನಕ್ ಝೀರಾದ ಗುರುದ್ವಾರಕ್ಕೆ ಬರುವ ಯಾತ್ರಿಕರು ಸಾಹಿಬ್ ಸಿಂಗರ ಹೆಸರಿನೊಂದಿಗೆ ಆನಂದಪುರದ ಆ ಒಂದು ದಿನವನ್ನು ನೆನೆಯುವಂತೆ, ಆ ದಿನದ ನಂತರ ಅವರು ಪಾಲಿಸಿದ ಶಿಸ್ತಿನ ವರ್ಷಗಳನ್ನೂ ನೆನೆಯಬೇಕಾಗಿದೆ.

ಇಷ್ಟೆಲ್ಲ ಹೇಳಿದ ಮೇಲೂ ತರಬೇತಿ ಮುಟ್ಟಲಾರದ ಒಂದು ಸ್ಥಳ ಉಳಿಯುತ್ತದೆ. ಯುದ್ಧನೌಕೆಯ ಒಡಲನ್ನು ನೀರು ದಾಟದ ಗೋಡೆಗಳಿಂದ ಅನೇಕ ಕೋಣೆಗಳಾಗಿ ವಿಭಾಗಿಸಿರುತ್ತಾರೆ. ಒಂದು ಕೋಣೆ ತುಂಬಿದರೂ ಉಳಿದವು ಹಡಗನ್ನು ತೇಲಿಸುತ್ತವೆ, ಆದರೆ ಅದಕ್ಕೆ ಆ ಕೋಣೆಯ ಬಾಗಿಲು ಮುಚ್ಚಿರಬೇಕು. ಒಳಗೆ ಯಾರಾದರೂ ಉಳಿದಿದ್ದರೆ? ತಡಮಾಡಿದರೆ ಎಲ್ಲರೂ ಮುಳುಗುವ, ಮುಚ್ಚಿದರೆ ಒಬ್ಬನು ಖಚಿತವಾಗಿ ಸಾಯುವ ಆ ಗಳಿಗೆಯ ಆಜ್ಞೆಯನ್ನು ಕೊಡಬೇಕಾದವನು ಇಪ್ಪತ್ತೆರಡು, ಇಪ್ಪತ್ಮೂರು ವಯಸ್ಸಿನ ಅಧಿಕಾರಿಯಾಗಿರಬಹುದು. 2014ರ ಫೆಬ್ರವರಿ 26ರಂದು ಮುಂಬಯಿಯ ಹೊರಗಡಲಿನಲ್ಲಿ ಐಎನ್‌ಎಸ್ ಸಿಂಧುರತ್ನ ಜಲಾಂತರ್ಗಾಮಿಯಲ್ಲಿ ಹೊಗೆ ತುಂಬಿದಾಗ ಲೆಫ್ಟಿನೆಂಟ್ ಕಮಾಂಡರ್ ಕಪೀಶ್ ಮುವಾಲ್ ಮತ್ತು ಲೆಫ್ಟಿನೆಂಟ್ ಮನೋರಂಜನ್ ಕುಮಾರ್ ಜೊತೆಯವರನ್ನು ಕಾಪಾಡುವ ಕೆಲಸದಲ್ಲಿ ಪ್ರಾಣ ತೆತ್ತು, ಮರಣೋತ್ತರವಾಗಿ ಶೌರ್ಯಚಕ್ರ ಪಡೆದರು. 2019ರ ಏಪ್ರಿಲ್ 26ರಂದು ನಮ್ಮದೇ ಕಾರವಾರದ ಬಂದರನ್ನು ಪ್ರವೇಶಿಸುತ್ತಿದ್ದ ಐಎನ್‌ಎಸ್ ವಿಕ್ರಮಾದಿತ್ಯದಲ್ಲಿ ಬೆಂಕಿ ಕಾಣಿಸಿಕೊಂಡಾಗ ಅದನ್ನು ಆರಿಸುವ ತಂಡದ ಮುಂದಾಳಾಗಿದ್ದ ಲೆಫ್ಟಿನೆಂಟ್ ಕಮಾಂಡರ್ ಡಿ. ಎಸ್. ಚೌಹಾಣ್ ಹೊಗೆಯಿಂದ ಪ್ರಜ್ಞೆ ತಪ್ಪಿ, ಬದುಕುಳಿಯಲಿಲ್ಲ. ತಾವೇ ಒಳಗೆ ಹೋಗುವ ಧೈರ್ಯವನ್ನು ಈ ಹೆಸರುಗಳು ಹೇಳುತ್ತವೆ. ಬಾಗಿಲಿನ ಹೊರಗೆ ನಿಂತು ಅದನ್ನು ಮುಚ್ಚಿಸಿ, ನಂತರ ನಲವತ್ತು ವರ್ಷ ಬದುಕಬೇಕಾದವನ ಧೈರ್ಯಕ್ಕೆ ಪದಕಗಳ ಪಟ್ಟಿಯಲ್ಲಿ ಹೆಸರಿರುವುದು ಕಡಿಮೆ.

ಇಂಥವನಿಗೆ ಧರ್ಮ ಏನು ಹೇಳಬೇಕು? ಫಲದ ಆಸೆಯಿಲ್ಲದೆ ಕರ್ತವ್ಯ ಮಾಡಿದವನಿಗೆ ಪಾಪ ಅಂಟುವುದಿಲ್ಲವೆಂಬ ಗೀತೆಯ ಸಮಾಧಾನ ಸಿದ್ಧವಾಗಿದೆ, ಅದು ಸುಳ್ಳೂ ಅಲ್ಲ. ಆದರೆ ಅದನ್ನು ಬಹಳ ಬೇಗ ಹೇಳಿಬಿಡುವುದರಲ್ಲಿ ಒಂದು ಕ್ರೌರ್ಯವಿದೆ, ಏಕೆಂದರೆ ಒಳಗಿದ್ದವನು ಅಂಕಿಯಾಗಿರಲಿಲ್ಲ, ಹಿಂದಿನ ರಾತ್ರಿ ಜೊತೆಗೆ ಉಂಡವನಾಗಿದ್ದನು. ದಯೆಯನ್ನು ಧರ್ಮದ ಬುಡದಲ್ಲಿಟ್ಟ ಬಸವಣ್ಣನವರ ದೃಷ್ಟಿಯಿಂದ ನೋಡಿದರೆ, ಬಾಗಿಲು ಮುಚ್ಚಿದ ಕೈ ನೋಯದಂತೆ ಮಾಡುವ ತರಬೇತಿ ಹಡಗನ್ನು ಉಳಿಸಬಹುದು, ಮನುಷ್ಯನನ್ನು ಉಳಿಸಲಾರದು. ಕೈಯನ್ನು ನಡುಗದಂತೆ ಮಾಡುವುದು ತರಬೇತಿಯ ಕರ್ತವ್ಯವಾದರೂ ಆಮೇಲಿನ ನೋವನ್ನು ಒರೆಸಿಹಾಕುವ ಹಕ್ಕು ಅದಕ್ಕಿಲ್ಲ. ಆ ಕೆಲಸ ಸರಿಯಾಗಿತ್ತೆಂಬುದೂ ಅದು ದುಃಖಕ್ಕೆ ಅರ್ಹವೆಂಬುದೂ ಒಟ್ಟಿಗೆ ನಿಜವಾಗಿರಬಲ್ಲವು. ಎರಡರಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ಚಿಂತನೆ, ಅದು ಎಷ್ಟೇ ಪ್ರಾಚೀನವಾಗಿರಲಿ, ಸಾಲದು.

ಸಿದ್ಧತೆಯೆಂಬುದು ಕಾಲಕ್ಕೆ ಮುಂಚೆ ಮಾಡುವ ನಂಬಿಕೆಯ ಕೆಲಸವೆಂಬುದಕ್ಕೆ ಭಾಲ್ಕಿಯಲ್ಲಿಯೇ ಒಂದು ಉದಾಹರಣೆಯಿದೆ. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಹಾಕಿ ಒಳಗೆ ಕನ್ನಡ ಕಲಿಸಿದರು. ಅವರ ಶಿಕ್ಷಣಕಾರ್ಯ ಆಗ ಔರಾದ ತಾಲ್ಲೂಕಿನಲ್ಲಿದ್ದ ಕಮಲನಗರಕ್ಕೂ ಹರಡಿತ್ತು. 1948ರಲ್ಲಿ ನಿಜಾಮರ ಆಳ್ವಿಕೆ ಕೊನೆಗೊಳ್ಳುತ್ತದೆಂದಾಗಲಿ, 1956ರಲ್ಲಿ ಬೀದರ ಕನ್ನಡ ರಾಜ್ಯದಲ್ಲಿ ಸೇರುತ್ತದೆಂದಾಗಲಿ ಆಗ ಯಾರೂ ಭರವಸೆ ಕೊಟ್ಟಿರಲಿಲ್ಲ. ಬರದೆಯೂ ಇರಬಹುದಾಗಿದ್ದ ದಿನಕ್ಕಾಗಿ ದಿನವೂ ಮಾಡಿದ ಆ ಕೆಲಸ, ಬಾರದಿರಲೆಂದು ಹಾರೈಸುವ ದಿನಕ್ಕಾಗಿ ನಾವಿಕನು ಮಾಡುವ ಅಭ್ಯಾಸಕ್ಕೆ ದೂರದ ಸಂಬಂಧಿ.

ತರಬೇತಿ ಮುಗಿದ ಮೇಲೆ, ಒದ್ದೆ ಬಟ್ಟೆಯಲ್ಲಿಯೇ ಎಲ್ಲರೂ ಕುಳಿತು ಯಾರು ಏನು ಮಾಡಿದರು, ಎಲ್ಲಿ ತಡವಾಯಿತು, ಏಕೆ ತಪ್ಪಿತು ಎಂದು ವಿಚಾರಿಸುವ ಪದ್ಧತಿ ಜಗತ್ತಿನ ಅನೇಕ ಸೈನ್ಯಗಳಲ್ಲಿ ಇದೆ. ಸಾಮಾನ್ಯವಾಗಿ ಕೌಶಲದ ಲೋಪಗಳನ್ನು ಪಟ್ಟಿ ಮಾಡುವಲ್ಲಿಗೆ ಅದು ಮುಗಿಯುತ್ತದೆ. ಅಲ್ಲಮಪ್ರಭುಗಳ ಅಧ್ಯಕ್ಷತೆಯಲ್ಲಿ ಶರಣರು ಸೇರುತ್ತಿದ್ದ ಅನುಭವ ಮಂಟಪವನ್ನು 15ನೆಯ ಶತಮಾನದಿಂದ ಸಂಕಲಿತವಾದ ಶೂನ್ಯಸಂಪಾದನೆಗಳು ಚಿತ್ರಿಸುವ ರೀತಿ ಇದಕ್ಕಿಂತ ಮುಂದೆ ಹೋಗುತ್ತದೆ: ಅಲ್ಲಿ ಒಬ್ಬನ ನಡೆಯನ್ನು ಪ್ರಶ್ನಿಸುವವರು ಆ ನಡೆಯ ಹಿಂದಿನ ಮನಸ್ಸನ್ನೂ ಪ್ರಶ್ನಿಸುತ್ತಾರೆ, ಉತ್ತರಿಸುವವನು ಹಿರಿಯನಾದರೂ ವಿನಾಯಿತಿ ಪಡೆಯುವುದಿಲ್ಲ, ಸಿದ್ಧರಾಮನಂಥ ಮಹಾಯೋಗಿಯೂ ತನ್ನ ಕೆರೆ, ಗುಡಿಗಳ ಕೆಲಸಕ್ಕೆ ಸಮರ್ಥನೆ ಕೊಡಬೇಕಾಗುತ್ತದೆ. ಕ್ರಿಯೆಗೆ ಅರಿವು ಮರಳಿ ಬಂದು ಸೇರುವುದು ಇಂಥ ವಿಚಾರಣೆಯಲ್ಲಿಯೇ. ಹೊಸ ಅಧಿಕಾರಿಗಳ ತರಬೇತಿಗೆ ಕಲ್ಯಾಣದ ನೆಲದಿಂದ ಏನಾದರೂ ಕೊಡುವುದಿದ್ದರೆ ಕೊಡಬೇಕಾದದ್ದು ಈ ಪದ್ಧತಿಯನ್ನು. ಬೆಣೆಯ ಬಿಗಿ, ಕೊಳವೆಯ ಒತ್ತಡಗಳ ಮಾತು ಮುಗಿದ ಮೇಲೆ ಬೋಧಕನು, ತಾನೂ ಒಬ್ಬ ಉತ್ತರ ಕೊಡಬೇಕಾದವನೆಂಬ ಭಾವದಿಂದ, ಒಳಗೆ ಒಬ್ಬನು ಉಳಿದಿದ್ದರೆ ಬಾಗಿಲನ್ನು ಏನು ಮಾಡುತ್ತಿದ್ದೆ ಎಂದು ಪ್ರತಿಯೊಬ್ಬನನ್ನೂ ಕೇಳಬೇಕು, ಹೆದರಿದ್ದೆನೆಂದು ಹೇಳಿದವನಿಗೆ ಅಂಕ ಕಳೆಯದೆ ಆ ಉತ್ತರಕ್ಕೆ ಬೇಕಾದಷ್ಟು ಹೊತ್ತು ಕೊಡಬೇಕು.